ಆಹ್ವಾನದ ಪಂದ್ಯವೂ ವರ್ಣ ದೂರದರ್ಶನವೂ: ‘ಪಾಟ್ ಬ್ಲ್ಯಾಕ್’ ಸ್ನೂಕರ್ ಪಂದ್ಯಾವಳಿಯ ವಿವೇಚನೆ

ಕ್ರೀಡೆಗಳ ಚರಿತ್ರೆಯೆಂದರೆ ಗೆದ್ದವರ ಹೆಸರುಗಳನ್ನೂ ಇಸವಿಗಳನ್ನೂ ಒಂದರ ಕೆಳಗೊಂದು ಬರೆದಿಡುವುದೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ಅಂಥ ಪಟ್ಟಿಗಳು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ಆದರೆ ಒಂದು ಪಂದ್ಯಾವಳಿ ಯಾವ ಅಗತ್ಯದಿಂದ ಹುಟ್ಟಿತು, ಅದರಲ್ಲಿ ಆಡತಕ್ಕವರನ್ನು ಆರಿಸಿದವರು ಯಾರು, ಅದರ ವೆಚ್ಚವನ್ನು ಹೊತ್ತವರು ಯಾರು ಎಂಬ ಪ್ರಶ್ನೆಗಳನ್ನು ಕೇಳುವವರೆಗೆ ಪಟ್ಟಿಯು ಚರಿತ್ರೆಯಾಗುವುದಿಲ್ಲ. ಈ ದೃಷ್ಟಿಯಿಂದ ಪರಿಶೀಲಿಸಲು ಯೋಗ್ಯವಾದ ಒಂದು ಉದಾಹರಣೆ ಇಂಗ್ಲೆಂಡಿನ ‘ಪಾಟ್ ಬ್ಲ್ಯಾಕ್’ ಎಂಬ ಸ್ನೂಕರ್ ಪಂದ್ಯಾವಳಿ. 1969ನೆಯ ಇಸವಿ ಜುಲೈ 23ರಂದು ಬಿ.ಬಿ.ಸಿ. ಸಂಸ್ಥೆಯ ಎರಡನೆಯ ವಾಹಿನಿಯಲ್ಲಿ ಇದು ಮೊದಲ ಬಾರಿಗೆ ಪ್ರಸಾರವಾಯಿತು. ಆಹ್ವಾನ ಪಡೆದ ಎಂಟು ಮಂದಿ ವೃತ್ತಿ ಆಟಗಾರರಿಗೆ ಮಾತ್ರ ಅದರಲ್ಲಿ ಪ್ರವೇಶವಿದ್ದಿತು. ಗೆದ್ದವನಿಗೆ ವಿಶ್ವವಿಜೇತನೆಂಬ ಬಿರುದು ಇದರಿಂದ ಬರುತ್ತಿರಲಿಲ್ಲ. ಎದುರಾಳಿಯೊಡನೆ ಅವನು ಆಡುತ್ತಿದ್ದುದು ಒಂದೇ ಒಂದು ಫ್ರೇಮ್. ಆದರೂ ಬ್ರಿಟನ್ನಿನ ವೃತ್ತಿಪರ ಸ್ನೂಕರ್ ಅಳಿವಿನ ಅಂಚಿನಿಂದ ಹಿಂದಿರುಗಿದ ವೃತ್ತಾಂತದಲ್ಲಿ ಆ ಕಾಲದ ಯಾವ ವಿಶ್ವಪ್ರಶಸ್ತಿಗೂ ದೊರೆಯದ ಸ್ಥಾನ ಈ ಹಗುರವಾದ ಪಂದ್ಯಾವಳಿಗೆ ದೊರೆತಿದೆ. ಹೀಗೇಕಾಯಿತೆಂಬುದನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲವಿರುವ, ಹಸಿರು ಉಣ್ಣೆಯ ಬಟ್ಟೆ ಹೊದಿಸಿದ ಮೇಜು. ಅದರ ಮೇಲೆ 22 ಚೆಂಡುಗಳು. ಇವುಗಳಲ್ಲಿ ಬಿಳಿಯದೊಂದನ್ನು ಮಾತ್ರ ಆಟಗಾರನು ಕೋಲಿನಿಂದ ಹೊಡೆಯಬೇಕು. ಉಳಿದವುಗಳನ್ನು ಆ ಬಿಳಿಯ ಚೆಂಡಿನ ಮೂಲಕವೇ ಮೇಜಿನ ಆರು ಪಾಕೆಟ್‌ಗಳಿಗೆ ಬೀಳಿಸಬೇಕು. ಕೆಂಪು ಚೆಂಡುಗಳು 15, ಒಂದೊಂದಕ್ಕೆ ಒಂದು ಅಂಕ. ಉಳಿದ ಆರರಲ್ಲಿ ಹಳದಿಗೆ 2, ಹಸಿರಿಗೆ 3, ಕಂದಿಗೆ 4, ನೀಲಿಗೆ 5, ನಸುಗೆಂಪಿಗೆ 6, ಕರಿಯದಕ್ಕೆ 7. ಒಂದು ಕೆಂಪನ್ನು ಬೀಳಿಸಿದ ಮೇಲೆ ಬಣ್ಣದ ಚೆಂಡೊಂದನ್ನು ಬೀಳಿಸುವ ಹಕ್ಕು ಬರುತ್ತದೆ. ಆ ಬಣ್ಣದ ಚೆಂಡನ್ನು ತೆಗೆದು ಪುನಃ ಅದರ ನೆಲೆಯಲ್ಲಿಡುತ್ತಾರೆ. ಕೆಂಪುಗಳೆಲ್ಲ ಮುಗಿದ ಮೇಲೆ ಬಣ್ಣದ ಚೆಂಡುಗಳನ್ನು ಬೆಲೆಯ ಏರಿಕೆಯ ಕ್ರಮದಲ್ಲಿ ಬೀಳಿಸಬೇಕು. ಕರಿಯದು ಕೊನೆಯದು. ಪಂದ್ಯಾವಳಿಯ ಹೆಸರು ಇದರಿಂದಲೇ ಬಂದದ್ದು. ಇಡೀ ಆಟವು ಬಣ್ಣಗಳ ಭೇದವನ್ನು ಕಣ್ಣಿನಿಂದ ಗುರುತಿಸುವುದರ ಮೇಲೆ ನಿಂತಿದೆಯೆಂಬ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಹೇಳತಕ್ಕದ್ದೆಲ್ಲ ಇದನ್ನೇ ಅವಲಂಬಿಸಿದೆ.

ಈ ಆಟ ಹುಟ್ಟಿದ್ದು ನಮ್ಮ ದೇಶದಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. 1875ರಲ್ಲಿ ಜಬಲ್ಪುರದ ಸೈನಿಕ ಭೋಜನಶಾಲೆಯಲ್ಲಿ ಡೆವನ್‌ಷೈರ್ ರೆಜಿಮೆಂಟಿನ ಯುವ ಅಧಿಕಾರಿಯಾಗಿದ್ದ ನೆವಿಲ್ ಚೇಂಬರ್ಲೇನ್ ಇದನ್ನು ರೂಪಿಸಿದನೆಂದೂ, ಅನಂತರ ನೀಲಗಿರಿಯ ಉದಕಮಂಡಲದ ಕ್ಲಬ್ಬಿನಲ್ಲಿ ಇದರ ನಿಯಮಗಳನ್ನು ಬರೆದು ಗೋಡೆಗೆ ಹಾಕಲಾಯಿತೆಂದೂ ಪ್ರತೀತಿ ಇದೆ. ಈತನು ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಅದೇ ಹೆಸರಿನ ವ್ಯಕ್ತಿಯಲ್ಲ. ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು. ಆದರೆ ಅಧಿಕಾರಿಗಳ ಕ್ಲಬ್ಬಿನಲ್ಲಿ ಹುಟ್ಟಿದ ಆಟವು ಇಂಗ್ಲೆಂಡಿಗೆ ಹೋದಮೇಲೆ ಗಿರಣಿ ಊರುಗಳ, ಗಣಿ ಊರುಗಳ ಸಾರ್ವಜನಿಕ ಬಿಲಿಯರ್ಡ್ಸ್ ಮನೆಗಳಿಗೆ ಇಳಿಯಿತು. ಈ ಆಟವನ್ನು ಚೆನ್ನಾಗಿ ಆಡಬಲ್ಲವನು ಯೌವನವನ್ನು ಪೋಲುಮಾಡಿದವನೆಂದು ಇಂಗ್ಲಿಷರಲ್ಲಿ ಒಂದು ನಾಣ್ಣುಡಿಯೇ ಉಂಟು. ಮೇಜಿಗೆ ದೊರೆತ ಜನಪ್ರಿಯತೆ ಆಡುವವರಿಗೆ ಗೌರವವನ್ನು ತರಲಿಲ್ಲ.

ವೃತ್ತಿಪರ ಸ್ನೂಕರಿನ ಆರಂಭ ಬಹಳ ಸಣ್ಣದು. 1927ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಕ್ಯಾಮ್‌ಕಿನ್ ಹಾಲಿನಲ್ಲಿ ಮೊದಲನೆಯ ವಿಶ್ವಪ್ರಶಸ್ತಿಯ ಅಂತಿಮ ಪಂದ್ಯ ನಡೆದು ಜೋ ಡೇವಿಸ್ ಗೆದ್ದನು. ಆತನಿಗೆ ದೊರೆತ ಹಣ ಆರು ಪೌಂಡು ಹತ್ತು ಷಿಲ್ಲಿಂಗು. ಅಲ್ಲಿಂದ 1946ರವರೆಗೆ, ನಡೆದ 15 ಸ್ಪರ್ಧೆಗಳನ್ನೂ ಆತನೇ ಗೆದ್ದನು. 1946ರ ಅಂತಿಮ ಪಂದ್ಯದಲ್ಲಿ ಡೇವಿಸನೂ ಆಸ್ಟ್ರೇಲಿಯದ ಹೊರೇಸ್ ಲಿಂಡ್ರಮ್ಮನೂ ಆಡಿದ ಫ್ರೇಮುಗಳು 145. ಎರಡು ವಾರಗಳ ಕಾಲ, ಪ್ರತಿದಿನವೂ ಹಣ ಕೊಟ್ಟು ಬಂದು ಕುಳಿತುಕೊಳ್ಳುವ ಪ್ರೇಕ್ಷಕರಿದ್ದ ಕಾಲ ಅದು. ಆ ಕಾಲ ಬೇಗನೆ ಕಳೆಯಿತು. 1952ರಲ್ಲಿ ಹಣದ ವಿಷಯವಾಗಿ ಆಟಗಾರರಿಗೂ ಆಳುವ ಮಂಡಳಿಗೂ ಮನಸ್ತಾಪ ಬೆಳೆದು, ಆಟಗಾರರು ಬೇರೆಯಾಗಿ ತಮ್ಮದೇ ಪ್ರಶಸ್ತಿಯೊಂದನ್ನು ಏರ್ಪಡಿಸಿಕೊಂಡರು. 1955ರಲ್ಲಿ ಈ ಆಟಕ್ಕೆ ಪ್ರಸಿದ್ಧವಾಗಿದ್ದ ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಹಾಲ್ ಮುಚ್ಚಿತು. 1957ರಲ್ಲಿ ವಿಶ್ವಪ್ರಶಸ್ತಿಗೆ ಸ್ಪರ್ಧಿಸಲು ಮುಂದೆ ಬಂದವರು ನಾಲ್ವರು. ಜಾನ್ ಪುಲ್ಮನ್ ಗೆದ್ದನು. ಅದರ ಮುಂದಿನ ಏಳು ವರ್ಷ ಯಾವ ಸ್ಪರ್ಧೆಯೂ ನಡೆಯಲಿಲ್ಲ. 1964ರಲ್ಲಿ ರೆಕ್ಸ್ ವಿಲಿಯಮ್ಸನ ಪ್ರಯತ್ನದಿಂದ ಪ್ರಶಸ್ತಿ ಮತ್ತೆ ಆರಂಭವಾಯಿತಾದರೂ ಒಬ್ಬನು ಇನ್ನೊಬ್ಬನಿಗೆ ಸವಾಲು ಹಾಕುವ ಕ್ರಮದಲ್ಲಿ ನಡೆಯಿತೇ ಹೊರತು ಪಂದ್ಯಾವಳಿಯ ರೂಪದಲ್ಲಲ್ಲ.

ಈ ಕ್ಷೀಣದೆಸೆಯಲ್ಲಿ ಹಾಳಾದದ್ದು ಪ್ರಶಸ್ತಿಯೊಂದೇ ಅಲ್ಲ, ಜೀವನೋಪಾಯವೂ ಹೌದು. ಎಂಟು ಬಾರಿ ಗೆದ್ದ ಫ್ರೆಡ್ ಡೇವಿಸ್ — ಜೋ ಡೇವಿಸನ ತಮ್ಮ — ವೇಲ್ಸಿನ ಕಡಲ ತೀರದಲ್ಲಿ ಹೋಟೆಲು ನಡೆಸುತ್ತಿದ್ದನು. 1951ರಲ್ಲಿ ರೆಕ್ಸ್ ವಿಲಿಯಮ್ಸ್ ವೃತ್ತಿಗೆ ಸೇರಿದ ಮೇಲೆ ಸುಮಾರು 16 ವರ್ಷ ಹೊಸಬರಾರೂ ವೃತ್ತಿಗೆ ಬರಲಿಲ್ಲವೆಂಬುದೇ ಅಂದಿನ ಪರಿಸ್ಥಿತಿಯನ್ನು ತಿಳಿಸುತ್ತದೆ. ಹೊಸ ತಲೆಮಾರಿಲ್ಲದ ವೃತ್ತಿಯು ವೃದ್ಧರೊಡನೆಯೇ ಮುಗಿದುಹೋಗುತ್ತದೆ; ನೇಕಾರಿಕೆ, ತಾಳೆಗರಿಯ ಲೇಖನ ಮುಂತಾದವುಗಳ ವಿಷಯದಲ್ಲಿ ಇದನ್ನು ನಾವು ಕಂಡಿಲ್ಲವೆ?

1967ರ ಸುಮಾರಿಗೆ ಹೊಸದಾಗಿ ವೃತ್ತಿಗೆ ಬಂದವರು ಮೂವರು. ಇವರ ಹಿನ್ನೆಲೆಯನ್ನು ನೋಡಿದರೆ ಆಟವು ಯಾವ ಜನರ ನಡುವೆ ಜೀವಂತವಾಗಿತ್ತೆಂಬುದು ತಾನಾಗಿ ತಿಳಿಯುತ್ತದೆ. ರೇ ರಿಯರ್ಡನ್ ವೇಲ್ಸಿನ ಟ್ರೆಡೀಗರ್ ಊರಿನವನು, ಕಲ್ಲಿದ್ದಲು ಗಣಿಯ ಕಾರ್ಮಿಕನಾಗಿದ್ದಾಗ ಒಮ್ಮೆ ಚಾವಣಿ ಕುಸಿದು ಗಂಟೆಗಟ್ಟಲೆ ಹೂತುಹೋಗಿದ್ದು ಬದುಕಿ ಬಂದವನು, ಅನಂತರ ಪೊಲೀಸಿನವನಾದನು. ಗ್ಯಾರಿ ಓವೆನ್ ಅಗ್ನಿಶಾಮಕ ದಳದವನು. 1963ರಲ್ಲಿ ಮೊಟ್ಟಮೊದಲ ವಿಶ್ವ ಹವ್ಯಾಸಿ ಸ್ನೂಕರ್ ಪ್ರಶಸ್ತಿಯನ್ನು ಗೆದ್ದನು. ಆ ಸ್ಪರ್ಧೆ ನಡೆದದ್ದು ಕಲ್ಕತ್ತೆಯಲ್ಲಿ. ಮೂರನೆಯವನು ಲ್ಯಾಂಕಾಷೈರಿನ ಜಾನ್ ಸ್ಪೆನ್ಸರ್. 1969ರ ಮಾರ್ಚಿನಲ್ಲಿ ವಿಶ್ವಪ್ರಶಸ್ತಿಯು ಮತ್ತೆ ಪಂದ್ಯಾವಳಿಯ ರೂಪಕ್ಕೆ ಬಂದಾಗ ಅಂತಿಮ ಪಂದ್ಯದಲ್ಲಿ ಓವೆನ್ನನನ್ನು ಸ್ಪೆನ್ಸರ್ ಸೋಲಿಸಿದನು. ಆದರೆ ನೋಡಿದವರೆಷ್ಟು ಮಂದಿ? ಲಂಡನ್ನಿನ ಒಂದು ಸಭಾಂಗಣದಲ್ಲಿ ಹಿಡಿಸುವಷ್ಟು ಜನರು ಮಾತ್ರ.

ಇಲ್ಲಿ ನಾವು ಆಟದ ಮೇಜನ್ನು ಬಿಟ್ಟು ಪ್ರಸಾರದ ಕಡೆಗೆ ತಿರುಗಬೇಕಾಗಿದೆ. 1967ನೆಯ ಇಸವಿ ಜುಲೈ 1ರಂದು, ವಿಂಬಲ್ಡನ್ ಟೆನ್ನಿಸ್ ಪಂದ್ಯಗಳ ಮೂಲಕ, ಬಿ.ಬಿ.ಸಿ.ಯ ಎರಡನೆಯ ವಾಹಿನಿಯು ಬ್ರಿಟನ್ನಿನಲ್ಲಿ ವರ್ಣ ಪ್ರಸಾರವನ್ನು ಆರಂಭಿಸಿತು. 1968ರ ಆರಂಭದಿಂದ ವರ್ಣ ಯಂತ್ರವನ್ನಿಟ್ಟುಕೊಳ್ಳುವವರು ಸಾಮಾನ್ಯ ಪರವಾನೆಯ ಐದು ಪೌಂಡಿನ ಮೇಲೆ ಇನ್ನೂ ಐದು ಪೌಂಡು ತೆರಬೇಕಾಯಿತು; ಯಂತ್ರದ ಬೆಲೆ ಬೇರೆ. ಇಷ್ಟು ತೆತ್ತವರಿಗೆ ಬಣ್ಣದ ಪ್ರಯೋಜನವನ್ನು ಪ್ರತ್ಯಕ್ಷವಾಗಿ ತೋರಿಸುವ ಕಾರ್ಯಕ್ರಮಗಳು ಬೇಕಾಗಿದ್ದುವು. (ನಮ್ಮ ದೇಶದಲ್ಲಿಯೂ 1982ರಲ್ಲಿ ವರ್ಣ ಪ್ರಸಾರ ಬಂದದ್ದು ದೆಹಲಿಯ ಏಷ್ಯನ್ ಕ್ರೀಡೆಗಳ ವರ್ಷದಲ್ಲೇ ಎಂಬುದು ವಾಚಕರಿಗೆ ನೆನಪಿಗೆ ಬರಬಹುದು.) 1965ರಿಂದ 1969ರವರೆಗೆ ಆ ವಾಹಿನಿಯ ಅಧಿಕಾರವನ್ನು ವಹಿಸಿದ್ದವನು, ಪ್ರಾಣಿಜೀವನದ ಚಿತ್ರಗಳಿಂದ ಜಗತ್ಪ್ರಸಿದ್ಧನಾದ ಡೇವಿಡ್ ಅಟೆನ್‌ಬರೊ. ಒಂದು ಕೊಠಡಿ, ಒಂದು ಮೇಜು, ಅದರ ಮೇಲೊಂದಿಷ್ಟು ದೀಪಗಳು, ಕೆಲವೇ ಕ್ಯಾಮೆರಗಳು. ಮಳೆಯ ಭಯವಿಲ್ಲ, ಚೆಂಡು ದೃಷ್ಟಿಯಿಂದ ಓಡಿಹೋಗುವ ತೊಂದರೆಯಿಲ್ಲ, ವೆಚ್ಚವೂ ಅಲ್ಪ. ಎಲ್ಲಕ್ಕಿಂತ ಮಿಗಿಲಾಗಿ, ಬಣ್ಣವಿಲ್ಲದಿದ್ದರೆ ಅರ್ಥವಾಗದ ಆಟ! ಕಪ್ಪು-ಬಿಳುಪು ಪರದೆಯ ಮೇಲೆ ಕೆಂಪಿಗೂ ಕಂದಿಗೂ ಹಸಿರಿಗೂ ವ್ಯತ್ಯಾಸ ಕಾಣದೆ ಹಿಂದಿನ ದೂರದರ್ಶನದಲ್ಲಿ ಸ್ನೂಕರ್ ಬೆಳೆಯಲಾರದೆ ಹೋಗಿತ್ತು. ಯಾವ ದೋಷದಿಂದ ಆಟವು ಹಳೆಯ ಯಂತ್ರಕ್ಕೆ ಒಗ್ಗಲಿಲ್ಲವೋ ಅದೇ ದೋಷವು ಹೊಸ ಯಂತ್ರದ ದೃಷ್ಟಿಯಲ್ಲಿ ಗುಣವಾಯಿತು. ಪ್ರಸಾರ ಆರಂಭವಾಗುವುದಕ್ಕೆ ಮೂರು ದಿನಗಳ ಹಿಂದೆ ಮನುಷ್ಯನು ಚಂದ್ರನ ಮೇಲಿಳಿದ ದೃಶ್ಯವನ್ನು ಜಗತ್ತು ಕಪ್ಪು-ಬಿಳುಪಿನಲ್ಲಿ ನೋಡಿತ್ತು. ಬಿಲಿಯರ್ಡ್ಸ್ ಮನೆಯ ಆಟವಾದರೋ ವರ್ಣದಲ್ಲಿ ಬಂದಿತು.

ಕಾರ್ಯಕ್ರಮವನ್ನು ನಿರ್ಮಿಸಿದವನು ಬರ್ಮಿಂಗ್‌ಹ್ಯಾಮಿನಲ್ಲಿದ್ದ ಫಿಲಿಪ್ ಲೂಯಿಸ್. 42 ವರ್ಷಗಳ ಹಿಂದೆ ಆರೂವರೆ ಪೌಂಡಿನ ಅಂತಿಮ ಪಂದ್ಯ ನಡೆದಿದ್ದ ಅದೇ ನಗರ ಎಂಬುದು ಆಕಸ್ಮಿಕವೇ ಇರಬಹುದು. ಲೂಯಿಸನಿಗೆ ನೆರವಾದವನು ಟೆಡ್ ಲೋ. ಈತನು ಹಿಂದೆ ಲೆಸ್ಟರ್ ಸ್ಕ್ವೇರ್ ಹಾಲಿನ ವ್ಯವಸ್ಥಾಪಕನಾಗಿದ್ದು, ವೃತ್ತಿ ಆಟಗಾರರನ್ನೆಲ್ಲ ಹೆಸರು ಹಿಡಿದು ಬಲ್ಲವನಾಗಿದ್ದನು. ಮುಚ್ಚಿಹೋದ ಸಭಾಂಗಣದ ನೆನಪು ಹೊಸ ಸ್ಟುಡಿಯೋಗೆ ಬಂದು ಸೇರಿದ್ದು ಈತನ ಮೂಲಕ. ಆ ಹಾಲಿನಲ್ಲಿ ವೀಕ್ಷಕ ವಿವರಣೆಗೆ ಪ್ರತ್ಯೇಕ ಕೋಣೆಯಿರದೆ, ಲೋ ಪ್ರೇಕ್ಷಕರ ನಡುವೆಯೇ ಕುಳಿತು ಆಟಗಾರರ ಗಮನ ಕೆಡದಂತೆ ಪಿಸುಮಾತಿನಲ್ಲಿ ವಿವರಿಸುತ್ತಿದ್ದನು. ಅಗತ್ಯದಿಂದ ಹುಟ್ಟಿದ ಆ ಪಿಸುಮಾತು ಅಗತ್ಯ ಮರೆಯಾದ ಮೇಲೂ ಅಭ್ಯಾಸವಾಗಿ ಉಳಿದು, ಸ್ನೂಕರ್ ವಿವರಣೆಯ ಲಕ್ಷಣವೇ ಆಗಿಬಿಟ್ಟಿತು.

ಆಹ್ವಾನ ಪಡೆದ ಎಂಟು ಮಂದಿ ಯಾರೆಂಬುದನ್ನು ಈಗ ನೋಡೋಣ. ಫ್ರೆಡ್ ಡೇವಿಸ್, ಜಾನ್ ಪುಲ್ಮನ್, ರೆಕ್ಸ್ ವಿಲಿಯಮ್ಸ್, ಉತ್ತರ ಐರ್ಲೆಂಡಿನ ಜ್ಯಾಕಿ ರಿಯಾ, ಕಿಂಗ್ಸ್ಲಿ ಕೆನರ್ಲಿ — ಈ ಐವರು ಹಳಬರು. ರಿಯರ್ಡನ್, ಸ್ಪೆನ್ಸರ್, ಓವೆನ್ — ಈ ಮೂವರು ಹೊಸಬರು. ಆಹ್ವಾನಿತ ಪಂದ್ಯಾವಳಿಯೆಂದರೆ ಅನೇಕರಿಂದ ಕೆಲವರನ್ನು ಆರಿಸಿ ಉಳಿದವರನ್ನು ಬಾಗಿಲ ಹೊರಗೆ ನಿಲ್ಲಿಸುವುದೆಂಬುದು ಸಾಮಾನ್ಯವಾದ ಅರ್ಥ. 1969ರಲ್ಲಿ ಆ ಅರ್ಥ ಹೊಂದುವುದಿಲ್ಲ. ಬಾಗಿಲ ಹೊರಗೆ ನಿಲ್ಲತಕ್ಕವರೇ ಹೆಚ್ಚಾಗಿರಲಿಲ್ಲ! ಆಹ್ವಾನದ ಪಟ್ಟಿಯು ಬಹುಮಟ್ಟಿಗೆ ವೃತ್ತಿಯಲ್ಲಿ ಆಡುತ್ತಿದ್ದವರ ಹಾಜರಿಪಟ್ಟಿಯೇ ಆಗಿತ್ತು. ಚದುರಿಹೋಗಿದ್ದ ಒಂದು ವೃತ್ತಿಯನ್ನು ಹೊರಗಿನ ಸಂಸ್ಥೆಯೊಂದು ಒಂದೆಡೆ ಕರೆದು ಕೂರಿಸಿತು; ಆಳುವ ಮಂಡಳಿಯಿಂದಾಗಲಿ ಆಟಗಾರರ ಸಂಘದಿಂದಾಗಲಿ ಆಗದಿದ್ದ ಕೆಲಸ ಅದು. ಆಹ್ವಾನವೆಂಬುದರ ಈ ಜೋಡಿಸುವ ಶಕ್ತಿಯೇ, ನಮ್ಮ ಅಭಿಪ್ರಾಯದಲ್ಲಿ, ಪಾಟ್ ಬ್ಲ್ಯಾಕಿನ ಮುಖ್ಯವಾದ ಚಾರಿತ್ರಿಕ ಮಹತ್ವ. ವರ್ಣ ದೂರದರ್ಶನವನ್ನೇ ಎಲ್ಲಕ್ಕೂ ಕಾರಣವೆಂದು ಹೇಳುವ ವಾಡಿಕೆ ಇದೆ. ಅದು ಅರ್ಧ ಸತ್ಯ. ಯಂತ್ರವು ಬಣ್ಣಗಳನ್ನು ತೋರಿಸಬಲ್ಲದು. ಆಟಗಾರರನ್ನು ಹುಡುಕಿ ಕರೆಯಬಲ್ಲವನು ಟೆಡ್ ಲೋನಂಥ ಮನುಷ್ಯನೇ.

ಪಂದ್ಯಗಳನ್ನೆಲ್ಲ ಕೆಲವೇ ದಿನಗಳಲ್ಲಿ ಮುದ್ರಿಸಿಕೊಂಡು, ವಾರಕ್ಕೊಂದರಂತೆ ಅರ್ಧ ಗಂಟೆಯ ಕಾರ್ಯಕ್ರಮವಾಗಿ ಪ್ರಸಾರ ಮಾಡುತ್ತಿದ್ದರು. ಅರ್ಧ ಗಂಟೆಗೆ ಹಿಡಿಸುವುದು ಒಂದು ಫ್ರೇಮ್. 145 ಎಲ್ಲಿ, ಒಂದು ಎಲ್ಲಿ! ಆಟವನ್ನು ಬಲ್ಲವರು ಇದನ್ನು ಮೆಚ್ಚದಿರಲು ಕಾರಣವಿತ್ತು. ಉದ್ದವಾದ ಪಂದ್ಯದಲ್ಲಿ ಅದೃಷ್ಟದ ಏರಿಳಿತಗಳು ಒಂದನ್ನೊಂದು ಸರಿದೂಗಿಸಿ ಕೊನೆಗೆ ಬಲ್ಲವನೇ ಗೆಲ್ಲುತ್ತಾನೆ. ಒಂದು ಫ್ರೇಮಿನಲ್ಲಿ ಒಂದು ತಪ್ಪು ಹೊಡೆತವೇ ಸೋಲಿಗೆ ಸಾಕು. ಗ್ರೇಯಮ್ ಮೈಲ್ಸ್ ಎಂಬಾತನು 1974, 1975 ಈ ಎರಡು ವರ್ಷಗಳಲ್ಲಿಯೂ ಪಾಟ್ ಬ್ಲ್ಯಾಕನ್ನು ಗೆದ್ದನಾದರೂ ವಿಶ್ವಪ್ರಶಸ್ತಿಯನ್ನು ಎಂದೂ ಗೆಲ್ಲಲಿಲ್ಲ. ಮೂರು ಬಾರಿ ಗೆದ್ದ ಆಸ್ಟ್ರೇಲಿಯದ ಎಡ್ಡಿ ಚಾರ್ಲ್‌ಟನ್ನನಿಗೂ ವಿಶ್ವಪ್ರಶಸ್ತಿ ದಕ್ಕಲಿಲ್ಲ. ಆದಕಾರಣ ಯಾರು ಶ್ರೇಷ್ಠರೆಂದು ನಿರ್ಣಯಿಸಲು ಈ ಪಂದ್ಯಾವಳಿ ತಕ್ಕ ಸಾಧನವಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಿರ್ಣಯಿಸುವುದು ಅದರ ಉದ್ದೇಶವಾಗಿರಲಿಲ್ಲ. ಅಕ್ಷರಾಭ್ಯಾಸದ ಪುಸ್ತಕದಲ್ಲಿ ಮಹಾಕಾವ್ಯವನ್ನು ಹುಡುಕಬಾರದು. ಸ್ನೂಕರ್ ಮೇಜನ್ನೇ ಕಾಣದಿದ್ದ ಗೃಹಿಣಿಯರಿಗೂ ಮಕ್ಕಳಿಗೂ ಮುದುಕರಿಗೂ ಕೆಂಪಾದ ಮೇಲೆ ಬಣ್ಣ, ಬಣ್ಣವಾದ ಮೇಲೆ ಕೆಂಪು ಎಂಬ ಮೂಲಪಾಠವನ್ನು ವಾರವಾರವೂ ಕಲಿಸಿದ್ದು ಈ ಒಂದೇ ಫ್ರೇಮ್. ಮೊದಲ ವರ್ಷದ ಅಂತಿಮ ಪಂದ್ಯ ಹೊಸಬರಿಬ್ಬರ ನಡುವೆ ನಡೆದು, ರಿಯರ್ಡನ್ 88-29ರಿಂದ ಸ್ಪೆನ್ಸರನನ್ನು ಸೋಲಿಸಿದನು. ಈ ಪಂದ್ಯಾವಳಿಯ ಮೊದಲ ನೂರಂಕದ ಬ್ರೇಕ್ — ಎಂದರೆ ಒಂದೇ ಸರದಿಯಲ್ಲಿ ಎಡೆಬಿಡದೆ ಗಳಿಸಿದ ಮೊತ್ತ — 1973ರಲ್ಲಿ ಬಂದಿತು: ಚಾರ್ಲ್‌ಟನ್ನನ 110.

ವರ್ಣಕ್ಕಾಗಿ ಹುಟ್ಟಿದ ಕಾರ್ಯಕ್ರಮವನ್ನು ಬಹುಕಾಲ ಅಧಿಕಾಂಶ ಜನರು ಕಪ್ಪು-ಬಿಳುಪಿನ ಯಂತ್ರಗಳಲ್ಲಿಯೇ ನೋಡಿದರೆಂಬುದು ಒಂದು ವಿನೋದ. ಕಪ್ಪು-ಬಿಳುಪಿನಲ್ಲಿ ನೋಡುತ್ತಿರುವವರಿಗಾಗಿ, ನಸುಗೆಂಪು ಚೆಂಡು ಹಸಿರಿನ ಪಕ್ಕದಲ್ಲಿದೆ ಎಂದು ಲೋ ಪಿಸುಗುಟ್ಟಿದನೆಂಬ ಮಾತು ಇಂಗ್ಲೆಂಡಿನಲ್ಲಿ ಇಂದಿಗೂ ನಗೆಗೆ ವಿಷಯ. ನಗುವವರು ನಗಲಿ. ಆ ಮಾತನ್ನು ನಾವು ಒಂದು ಚಾರಿತ್ರಿಕ ಸಾಕ್ಷ್ಯವೆಂದೇ ಎಣಿಸುತ್ತೇವೆ: ಎರಡು ಕಾಲಗಳ ನಡುವಣ ಸಂಧಿಯಲ್ಲಿ ನಿಂತು ಎರಡೂ ಬಗೆಯ ಪ್ರೇಕ್ಷಕರಿಗೆ ಒಟ್ಟಿಗೆ ಮಾತಾಡಬೇಕಾಗಿ ಬಂದವನ ಕಷ್ಟ ಅದರಲ್ಲಿದೆ. ಕಾರ್ಯಕ್ರಮದ ಆರಂಭದಲ್ಲಿ ನುಡಿಸುತ್ತಿದ್ದ ಪಿಯಾನೊ ಸಂಗೀತವು ಟ್ರಿನಿಡಾಡಿನ ವಿನಿಫ್ರೆಡ್ ಆಟ್‌ವೆಲ್ ನುಡಿಸಿದ್ದು. ಅದರ ಹೆಸರು ‘ಬ್ಲ್ಯಾಕ್ ಅಂಡ್ ವೈಟ್ ರ್‍ಯಾಗ್’. ವರ್ಣ ಕಾರ್ಯಕ್ರಮಕ್ಕೆ ಕಪ್ಪು-ಬಿಳುಪಿನ ನಾಂದಿ!

ಸ್ಟುಡಿಯೋದ ನಡೆನುಡಿಯೂ ಗಮನಾರ್ಹ. ಆಟಗಾರರು ಕರಿಯ ಉಡುಪನ್ನೂ ಕೊರಳಿಗೆ ಬಿಲ್ಲುಗಂಟನ್ನೂ ಧರಿಸುತ್ತಿದ್ದರು, ಪ್ರೇಕ್ಷಕರು ನಿಶ್ಶಬ್ದವಾಗಿರುತ್ತಿದ್ದರು, ತೀರ್ಪುಗಾರ ಸಿಡ್ನಿ ಲೀ ಬಿಳಿಯ ಕೈಗವಸು ತೊಟ್ಟು ಚೆಂಡುಗಳನ್ನಿಡುತ್ತಿದ್ದನು. ಬಿಲಿಯರ್ಡ್ಸ್ ಮನೆಯ ಹೊಗೆ, ಪಣ, ಕೂಗಾಟ ಇವು ಯಾವುವೂ ಪರದೆಯ ಮೇಲೆ ಬರಲಿಲ್ಲ. ಗಣಿಯಿಂದಲೂ ಪೊಲೀಸ್ ಠಾಣೆಯಿಂದಲೂ ಬಂದವನನ್ನು ಮಧ್ಯಮ ವರ್ಗದ ಕುಟುಂಬಗಳು ತಮ್ಮ ಕೋಣೆಗೆ ಬರಮಾಡಿಕೊಳ್ಳುವಂತಾದದ್ದು ಈ ಸಂಸ್ಕಾರದಿಂದ. ಇದರಲ್ಲಿ ಒಂದು ಕೃತಕತೆಯಿದ್ದಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ; ಆಟವು ಜೀವಂತವಾಗಿ ಉಳಿದಿದ್ದ ಮನೆಗಳನ್ನು ಮರೆಮಾಡಿಯೇ ಅದಕ್ಕೆ ಮರ್ಯಾದೆ ಸಂಪಾದಿಸಬೇಕಾಯಿತಲ್ಲ!

ಪ್ರೇಕ್ಷಕರು ಸಿದ್ಧರಾದ ಮೇಲೆ ಹಣ ತೊಡಗಿಸುವವರು ತಾವಾಗಿಯೇ ಬಂದರು. ಅವರು ಬಂದ ಬಗೆಯನ್ನು ತಿಳಿಯಲು ಇನ್ನೊಂದು ಇಸವಿಯನ್ನು ಸೇರಿಸಿಕೊಳ್ಳಬೇಕು. 1965ರ ಆಗಸ್ಟ್ 1ರಿಂದ ಬ್ರಿಟನ್ನಿನ ದೂರದರ್ಶನದಲ್ಲಿ ಸಿಗರೇಟಿನ ಜಾಹೀರಾತು ನಿಷಿದ್ಧವಾಗಿತ್ತು. ಆದರೆ ಪಂದ್ಯಾವಳಿಯ ಹೆಸರಿನೊಡನೆಯೇ ಸಿಗರೇಟಿನ ಹೆಸರು ಸೇರಿದ್ದರೆ ಅದು ಜಾಹೀರಾತೆನಿಸುತ್ತಿರಲಿಲ್ಲ. ಬಿ.ಬಿ.ಸಿ.ಯ ಸ್ವಂತ ನಿರ್ಮಾಣವಾದ ಪಾಟ್ ಬ್ಲ್ಯಾಕಿಗೆ ಅಂಥ ಪೋಷಕರು ಬೇಕಾಗಿರಲಿಲ್ಲ. ಅದು ಬೆಳೆಸಿದ ಪ್ರೇಕ್ಷಕವರ್ಗ ಮಾತ್ರ ತಂಬಾಕಿನ ವ್ಯಾಪಾರಿಗಳಿಗೆ ಬೇಕಾಯಿತು. 1973ರಲ್ಲಿ ಪಾರ್ಕ್ ಡ್ರೈವ್ ಹೆಸರಿನಲ್ಲಿ ವಿಶ್ವಪ್ರಶಸ್ತಿಯನ್ನು ಮ್ಯಾಂಚೆಸ್ಟರಿನಲ್ಲಿ ಒಂದೇ ಸೂರಿನ ಕೆಳಗೆ ಎರಡು ವಾರಗಳಲ್ಲಿ ನಡೆಸಿದರು. 1975ರಲ್ಲಿ ಬೆನ್ಸನ್ ಅಂಡ್ ಹೆಜಸ್ ಹೆಸರಿನಲ್ಲಿ ‘ಮಾಸ್ಟರ್ಸ್’ ಎಂಬ ಆಹ್ವಾನಿತ ಪಂದ್ಯಾವಳಿ ಲಂಡನ್ನಿನ ಹೋಟೆಲೊಂದರಲ್ಲಿ ಹತ್ತು ಮಂದಿಯೊಡನೆ ಆರಂಭವಾಯಿತು; ಅದರ ಅಂತಿಮ ಪಂದ್ಯದಲ್ಲಿ ಎದುರಾದವರು ಪುನಃ ಸ್ಪೆನ್ಸರ್ ಮತ್ತು ರಿಯರ್ಡನ್. ಎಂಟು-ಎಂಟು ಫ್ರೇಮುಗಳಾಗಿ, ಕೊನೆಯ ಫ್ರೇಮಿನಲ್ಲಿಯೂ ಅಂಕಗಳು ಸಮನಾಗಿ, ಕರಿಯ ಚೆಂಡನ್ನು ಮತ್ತೆ ಅದರ ನೆಲೆಯಲ್ಲಿಟ್ಟು ಆಡಿ ಸ್ಪೆನ್ಸರ್ ಗೆದ್ದನು. 1976ರಿಂದ ವಿಶ್ವಪ್ರಶಸ್ತಿಗೆ ಎಂಬೆಸಿ ಸಿಗರೇಟಿನವರು ಪೋಷಕರಾದರು, 1977ರಲ್ಲಿ ಅದು ಷೆಫೀಲ್ಡಿನ ಕ್ರೂಸಿಬಲ್ ರಂಗಮಂದಿರಕ್ಕೆ ಬಂದಿತು, 1978ರಿಂದ ಬಿ.ಬಿ.ಸಿ. ಅದನ್ನು ಪ್ರತಿದಿನವೂ ತೋರಿಸತೊಡಗಿತು.

ಪಾಟ್ ಬ್ಲ್ಯಾಕಿನ ಅವನತಿ ಆರಂಭವಾದದ್ದು ಇಲ್ಲಿಂದಲೇ ಎಂದು ನಾವು ತಿಳಿಯುತ್ತೇವೆ. ಒಂದು ಫ್ರೇಮನ್ನು ನೋಡಲು ಕಲಿತವರು 35 ಫ್ರೇಮುಗಳನ್ನು ನೋಡಲು ಸಮರ್ಥರಾದರು. 1985ರ ವಿಶ್ವಪ್ರಶಸ್ತಿಯ ಅಂತಿಮ ಪಂದ್ಯದಲ್ಲಿ ಸ್ಟೀವ್ ಡೇವಿಸ್ ಮೊದಲ ಎಂಟು ಫ್ರೇಮುಗಳನ್ನು ಗೆದ್ದರೂ ಡೆನಿಸ್ ಟೇಲರ್ 17-17ಕ್ಕೆ ಸಮಮಾಡಿಕೊಂಡು, ನಡುರಾತ್ರಿ ಕಳೆದ ಮೇಲೆ ಕೊನೆಯ ಫ್ರೇಮಿನ ಕೊನೆಯ ಕರಿಯ ಚೆಂಡಿನಿಂದ ಗೆದ್ದನು. ಎಚ್ಚತ್ತು ನೋಡುತ್ತಿದ್ದವರು ಒಂದು ಕೋಟಿ 85 ಲಕ್ಷ ಜನ. ಆ ಕೊನೆಯ ಫ್ರೇಮೊಂದೇ 68 ನಿಮಿಷ ನಡೆಯಿತು, ಎಂದರೆ ಪಾಟ್ ಬ್ಲ್ಯಾಕಿನ ಇಡೀ ಕಾರ್ಯಕ್ರಮದ ಎರಡರಷ್ಟಕ್ಕೂ ಮಿಗಿಲು. ಮರುವರ್ಷ, 1986ರಲ್ಲಿ, ಜಿಮ್ಮಿ ವೈಟ್ ಗೆದ್ದ ಪಂದ್ಯಾವಳಿಯೊಡನೆ ಪಾಟ್ ಬ್ಲ್ಯಾಕ್ ನಿಂತಿತು. ತಾನು ಕಲಿಸಿದ ಶಿಷ್ಯರು ಮೇಲಿನ ತರಗತಿಗೆ ಹೋದ ಮೇಲೆ ಕೆಳಗಿನ ಉಪಾಧ್ಯಾಯನ ಕೊಠಡಿ ಬರಿದಾದಂತೆ. 1991ರಿಂದ 1993ರವರೆಗೂ, ಅನಂತರ 2005ರಿಂದ 2007ರವರೆಗೂ ಅದನ್ನು ಎಬ್ಬಿಸಿ ನಿಲ್ಲಿಸಲು ಪ್ರಯತ್ನಗಳು ನಡೆದುವು. 2007ರಲ್ಲಿ ಕೊನೆಯದಾಗಿ ಗೆದ್ದವನು ಐರ್ಲೆಂಡಿನ ಕೆನ್ ಡೊಹರ್ಟಿ.

ಆಹ್ವಾನವೆಂಬ ಪದವು ಉಳಿಯಿತು. ಅದರ ಅರ್ಥ ಬೇರೆಯಾಯಿತು. 1976ರಲ್ಲಿ ವೃತ್ತಿ ಆಟಗಾರರ ಅಧಿಕೃತ ಶ್ರೇಯಾಂಕ ಪಟ್ಟಿ ಬಂದ ಮೇಲೆ ಯಾರನ್ನು ಕರೆಯಬೇಕೆಂಬುದನ್ನು ಒಬ್ಬನ ವಿವೇಚನೆಗೆ ಬಿಡಬೇಕಾದ ಅಗತ್ಯ ಕ್ರಮೇಣ ತಪ್ಪಿತು. 2003ರಲ್ಲಿ ತಂಬಾಕಿನ ಪೋಷಕರು ಶಾಸನಕ್ಕೆ ಮಣಿದು ಹೊರಟುಹೋದರೂ ಮಾಸ್ಟರ್ಸ್ ಪಂದ್ಯಾವಳಿ ನಿಲ್ಲಲಿಲ್ಲ. ಶ್ರೇಯಾಂಕದ ಮೊದಲ 16 ಮಂದಿಯನ್ನು ಕರೆಯುವ ಪದ್ಧತಿ ಅಲ್ಲಿ ರೂಢಿಯಾಗಿದೆ. ಒಂದೇ ಫ್ರೇಮಿನ ಆಟವೂ ಬೇರೊಂದು ಹೆಸರಿನಿಂದ ಹಿಂದಿರುಗಿದೆ. 2011ರಲ್ಲಿ ಮತ್ತೆ ಆರಂಭವಾದ ‘ಷೂಟ್ ಔಟ್’ ಎಂಬ ಪಂದ್ಯಾವಳಿಯಲ್ಲಿ ಹತ್ತು ನಿಮಿಷಗಳ ಗಡಿಯಾರವನ್ನಿಟ್ಟು ಒಂದೊಂದು ಫ್ರೇಮ್ ಆಡಿಸುತ್ತಾರೆ. ಪ್ರೇಕ್ಷಕರು ಕೂಗಿ ಗದ್ದಲವೆಬ್ಬಿಸಬಹುದು. 2017ರಲ್ಲಿ ಅದನ್ನು ಶ್ರೇಯಾಂಕಕ್ಕೆ ಸೇರಿಸಿ, ವೃತ್ತಿ ಆಟಗಾರರೆಲ್ಲರಿಗೂ ಅದರ ಬಾಗಿಲನ್ನು ತೆರೆದರು. ಅಲ್ಲಿ ಆಡಲು ಯಾರ ಆಹ್ವಾನವೂ ಬೇಕಾಗಿರಲಿಲ್ಲ.